ಬೊಂಬಾಯಿ ಅಜ್ಜನ ಕತೆ ಬರೆದಿಡುವುದು ಹೇಗೆ?

1942ರಲ್ಲಿ ಎ. ರಾಮ ನಾಯಕರು ಬೊಂಬಾಯಿಯ (ಈಗಿನ ಮುಂಬಯಿ) ಮಾಟುಂಗಾದಲ್ಲಿ ಶುರುಮಾಡಿದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಹೆಸರು ತುಂಬಾ ಜನ ಕೇಳಿದ್ದಾರೆ. ಆದರೆ ಕರಾವಳಿಯಿಂದ ಹೋಗಿ, ಗ್ಲಾಸ್ ತೊಳೆದು, ಕೊನೆಗೆ ಸ್ವಂತ ಹೋಟೆಲಿನ ಗಲ್ಲಾದಲ್ಲಿ ಕೂತ ಎಷ್ಟೋ ಜನರ ಕತೆ ಮೊಮ್ಮಕ್ಕಳಿಗೇ ಗೊತ್ತಿಲ್ಲ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಈ ವಾರವೇ ಶುರುಮಾಡಿ.

1. ಅಟ್ಟದ ಟ್ರಂಕು ಇಳಿಸಿ. ಫೋಟೊ, ಕಾಗದ ಎಲ್ಲ ತೆಗೆಯಿರಿ. ಅಜ್ಜ ಅಂಚೆಯಲ್ಲಿ ಊರಿಗೆ ದುಡ್ಡು ಕಳಿಸಿದ ಮನಿ ಆರ್ಡರಿನ ಕೂಪನ್ ತುಂಡು ಸಿಕ್ಕರೆ ಬಂಗಾರ ಸಿಕ್ಕಿದ ಹಾಗೆ. ಕಳಿಸಿದವರ ವಿಳಾಸ, ಎರಡು ಸಾಲು ಸುದ್ದಿ, ಅಂಚೆ ಮುದ್ರೆಯ ತಾರೀಕು ಎಲ್ಲವೂ ಅದರಲ್ಲೇ ಇರುತ್ತದೆ.

2. ಫೋಟೊಗಳನ್ನು ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಹಾಕದೆ ಮೊಬೈಲಿನಲ್ಲಿ ತೆಗೆಯಿರಿ. ಹಿಂಬದಿಯನ್ನೂ ತೆಗೆಯಿರಿ. ಲ್ಯಾಮಿನೇಶನ್ ಮಾತ್ರ ಬೇಡವೇ ಬೇಡ. ನಮ್ಮಜ್ಜನ ಫೋಟೊವನ್ನು ಒಂದು ಸ್ಟುಡಿಯೋದವರು ಲ್ಯಾಮಿನೇಟ್ ಮಾಡಿಕೊಟ್ಟರು. ಎರಡು ಮಳೆಗಾಲದಲ್ಲಿ ಮುಖದ ಮೇಲೆಲ್ಲ ಗುಳ್ಳೆ ಎದ್ದಿತು. ಚಿತ್ರ "ಚಂದ" ಮಾಡುವ ಆ್ಯಪ್‌ಗಳೂ ಬೇಡ, ಅವು ಮೂಗು, ಕಣ್ಣನ್ನೇ ಬದಲಿಸುತ್ತವೆ.

3. ಈಗ ಮಾತಾಡಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. "ಅಜ್ಜ, ನಿಮ್ಮ ಜೀವನದ ಬಗ್ಗೆ ಹೇಳಿ" ಅಂದರೆ "ಎಂತ ಹೇಳುದು ಮಗಾ, ಕಷ್ಟ ಇತ್ತು" ಎಂದು ಮುಗಿಸಿಬಿಡುತ್ತಾರೆ. ಮೊಬೈಲಿನ ರೆಕಾರ್ಡರ್ ಆನ್ ಮಾಡಿಟ್ಟು ಒಂದು ಫೋಟೊ ಕೈಗೆ ಕೊಡಿ. ಚಿಕ್ಕ ಚಿಕ್ಕದನ್ನೇ ಕೇಳಿ. ಬೊಂಬಾಯಿಗೆ ಹೋಗಿ ಇಳಿದ ದಿನ ರಾತ್ರಿ ಎಲ್ಲಿ ಮಲಗಿದ್ರಿ? ಟೇಬಲ್ ಒರೆಸುವ ಕೆಲಸವಾ, ಅಡುಗೆಮನೆಯದ್ದಾ? ಊರಿನವರು ಯಾರು ಕರಕೊಂಡು ಹೋದದ್ದು? ಹಡಗಿನಲ್ಲಿ ಹೋದದ್ದಾ, ಬಸ್ಸಿನಲ್ಲಾ? ರಾತ್ರಿ ಶಾಲೆಗೆ ಹೋಗ್ತಿದ್ರಾ?

ಇಸವಿ ಕೇಳಬೇಡಿ, ತಪ್ಪು ಹೇಳುತ್ತಾರೆ. "ಗಿರಣಿ ಮುಷ್ಕರಕ್ಕಿಂತ ಮೊದಲಾ, ಆಮೇಲಾ?" ಎಂದು ಕೇಳಿ. ಬೊಂಬಾಯಿಯ ಬಟ್ಟೆ ಗಿರಣಿ ಕಾರ್ಮಿಕರ ಆ ದೊಡ್ಡ ಮುಷ್ಕರ ಶುರುವಾದದ್ದು 1982. ತುರ್ತು ಪರಿಸ್ಥಿತಿ 1975, ಮಹಾರಾಷ್ಟ್ರ ರಾಜ್ಯವಾದದ್ದು 1960. ಇಂಥ ಗೂಟಗಳಿದ್ದರೆ ಕತೆ ಅಲ್ಲಾಡುವುದಿಲ್ಲ. ಅಜ್ಜ ತುಳುವಿಗೆ ಇಳಿದರೆ ತಡೆಯಬೇಡಿ. ಸುಮ್ಮನಾದರೆ ನೀವೂ ಸುಮ್ನೆ ಇರಿ. ಒಳ್ಳೆಯ ಮಾತು ಬರುವುದು ಆಮೇಲೆಯೇ. ಮುಕ್ಕಾಲು ಗಂಟೆ ಸಾಕು, ಮತ್ತೊಂದು ದಿನ ಹೋಗಿ. ಅಜ್ಜಿಯನ್ನು ಬೇರೆಯಾಗಿ ಕೂರಿಸಿ ಕೇಳಿ. ಆ ಮನಿ ಆರ್ಡರಿನಲ್ಲಿ ಊರಿನ ಮನೆ ನಡೆಸಿದ್ದು ಅವರೇ ಅಲ್ವಾ!

4. ಹೇಳಿದ್ದನ್ನು ಹೊರಗೂ ತಾಳೆ ನೋಡಿ. ಮುಂಬಯಿಯ ಕನ್ನಡ, ತುಳು ಸಂಘಗಳ ಹಳೆಯ ಸ್ಮರಣ ಸಂಚಿಕೆಗಳಲ್ಲಿ ಗುಂಪು ಫೋಟೊ, ಜಾಹೀರಾತು ಸಿಗುತ್ತವೆ. ಎಷ್ಟೋ ಹೋಟೆಲುಗಳ ವಿಳಾಸ ಉಳಿದಿರುವುದು ಆ ಜಾಹೀರಾತುಗಳಲ್ಲೇ.

5. ರೆಕಾರ್ಡಿಂಗ್ ಕೇಳಿ ಕತೆ ಬರೆಯಿರಿ. ಬರೆದದ್ದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಅಜ್ಜನಿಗೆ ಓದಿ ಹೇಳಿ. "ಅದು ಹಾಗಲ್ಲ" ಎಂದು ಅವರು ತಡೆದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ, ರೆಕಾರ್ಡರನ್ನು ಮತ್ತೆ ಆನ್ ಮಾಡಿ.