ಮನೆ ಬಿಡದೆ ರಕ್ಷಣಾ ಆದೇಶ ಪಡೆಯುವುದು ಹೇಗೆ

ಬ್ಯಾಡಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆ ನಾನು. ಗಂಡನ ಹೊಡೆತ ತಿಂದವರು ಮಗುವನ್ನು ಬಿಡುವ ನೆಪದಲ್ಲಿ ಬಂದು ಮೊದಲು ಕೇಳುವುದು ಒಂದೇ: “ಅಕ್ಕಾರ, ಕೇಸ್ ಹಾಕಿದ್ರ ಮನಿ ಬಿಡಬೇಕಾಗತೈತೇನ್ರಿ?”

ಬಿಡಬೇಕಿಲ್ಲ. ಗಂಡ ಹಿಂಸೆ ಮಾಡಕೂಡದು ಅಂತ ಕೋರ್ಟು ಕೊಡುವ ರಕ್ಷಣಾ ಆದೇಶಕ್ಕೆ ಡೈವೋರ್ಸ್ ಕೇಳಬೇಕಾಗಿಯೂ ಇಲ್ಲ. ಮನೆ ಗಂಡನ ಹೆಸರಿನಲ್ಲಿದ್ದರೂ, ಅತ್ತೆ-ಮಾವನ ಹೆಸರಿನಲ್ಲಿದ್ದರೂ, ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕನ್ನು 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೆಂಡತಿಗೆ ಕೊಟ್ಟಿದೆ.

ಜೀವಕ್ಕೇ ಭಯವಿದ್ದರೆ ಮೊದಲು 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಗಾಯವಾಗಿದ್ದರೆ ಸರ್ಕಾರಿ ದವಾಖಾನೆಗೆ ಹೋಗಿ. ಅಲ್ಲಿ “ಜಾರಿ ಬಿದ್ದೆ” ಅನ್ನಬೇಡಿ ತಾಯಂದಿರಾ. ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ, ನಾಳೆ ಅದು ನಿಮಗೇ ಅಡ್ಡ ಬರುತ್ತದೆ.

ಈ ಆದೇಶದ ಅರ್ಜಿಗೆ ತಾಲ್ಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಬನ್ನಿ. ನಮ್ಮ ರಾಜ್ಯದಲ್ಲಿ, ಈ ಕಾಯ್ದೆಯಡಿ ನೊಂದವರಿಗೆ ನೆರವಾಗುವ ಸಂರಕ್ಷಣಾಧಿಕಾರಿಯ ಕೆಲಸ ಅವರದೇ. ನಡೆದದ್ದನ್ನು ವರದಿ ಮಾಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸುತ್ತಾರೆ. ತವರಿಗೆ ಬಂದುಬಿಟ್ಟಿದ್ದರೆ ತವರೂರಿನ ಕೋರ್ಟಿನಲ್ಲೇ ಹಾಕಬಹುದು. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಸಮಿತಿ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಅದರ ನಂಬರ್ 15100.

ಇನ್ನು ಬರೆಸುವುದು. ನನ್ನ ಪ್ರಕಾರ ಅರ್ಜಿಯ ಜೀವ ಇರುವುದೇ ಇಲ್ಲಿ. “ದಿನಾ ತ್ರಾಸ ಕೊಡತಾನ” ಎಂದಷ್ಟೇ ಬರೆಸಿದರೆ ಅದಕ್ಕೆ ತೂಕವಿಲ್ಲ. ಯಾವತ್ತು, ಎಲ್ಲಿ, ಯಾವುದರಿಂದ ಹೊಡೆದ, ಯಾರು ಬಂದು ಬಿಡಿಸಿದರು, ಎಲ್ಲವೂ ಬರಲಿ. ತಾರೀಖು ನೆನಪಿಲ್ಲ ಅಂತ ಸುಮಾರು ಮಂದಿ ಸುಮ್ಮನಾಗುತ್ತಾರೆ. ಹಬ್ಬ ಹೇಳಿ ಸಾಕು. ಕಾರಹುಣ್ಣಿಮೆ ರಾತ್ರಿಯೋ, ಎಳ್ಳಮವಾಸಿ ಮರುದಿನವೋ ಅಂದರೆ ಗೋಡೆಯ ಕ್ಯಾಲೆಂಡರ್ ತೆಗೆದು ತಾರೀಖು ಹಾಕಿಕೊಡುತ್ತೇನೆ. ಹೊಡೆತ ಮಾತ್ರ ಹಿಂಸೆಯಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸಿ ಕೈ ಉರಿಸಿಕೊಂಡು ತಂದ ಕೂಲಿಯನ್ನು ಕಸಿದುಕೊಳ್ಳುವುದು, ತವರಿನ ಬಂಗಾರ ಒತ್ತೆ ಇಡುವುದು, ಹೊಲಸು ಬೈಗುಳ, ಇವೂ ಕಾಯ್ದೆಯ ಲೆಕ್ಕದಲ್ಲಿ ಹಿಂಸೆಯೇ.

ಬೇಕಾದ್ದನ್ನೂ ಬಿಡಿಸಿ ಕೇಳಿ. ಮನೆಯಿಂದ ಹೊರಹಾಕಬಾರದು, ಕೆಲಸದ ಜಾಗಕ್ಕೆ ಬರಬಾರದು, ಫೋನ್ ಮಾಡಿ ಕಾಡಬಾರದು, ಮಕ್ಕಳ ಖರ್ಚಿಗೆ ಇಷ್ಟು ಕೊಡಬೇಕು ಅಂತ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕು, 60 ದಿನದಲ್ಲಿ ಅರ್ಜಿ ಮುಗಿಸಲು ಪ್ರಯತ್ನಿಸಬೇಕು ಅನ್ನುತ್ತದೆ ಕಾಯ್ದೆ. ಎಷ್ಟೋ ಕೇಸು ಅದಕ್ಕಿಂತ ಬಹಳ ಎಳೆಯುತ್ತವೆ. ಅದಕ್ಕೇ ಪ್ರಮಾಣಪತ್ರ (ಅಫಿಡವಿಟ್) ಸೇರಿಸಿ, ಕೇಸು ಮುಗಿಯುವವರೆಗೆ ನಡೆಯುವ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಿ ಅಂತ ವಕೀಲರಿಗೆ ಒತ್ತಿ ಹೇಳಿ. ಅಪಾಯ ಕಂಡರೆ ಗಂಡ ಹಾಜರಾಗುವ ಮೊದಲೇ ಕೋರ್ಟು ಅದನ್ನು ಕೊಡಬಹುದು.

ಊರಿನ ಹಿರಿಯರು “ರಾಜಿ ಮಾಡ್ಸೋಣು, ಅರ್ಜಿ ಬ್ಯಾಡ” ಅನ್ನುತ್ತಾರೆ. ಅರ್ಜಿ ಹಾಕಿದ ಮೇಲೂ ರಾಜಿಗೆ ದಾರಿ ಇದೆ. ಬರೀ ಬಾಯಿಮಾತನ್ನು ನಂಬಿ ವಾಪಸ್ ಹೋದವರು ಮತ್ತೆ ಬಾವು ಬಂದ ಮುಖದಲ್ಲಿ ಬಂದದ್ದನ್ನು ನೋಡಿದ್ದೇನೆ.

ಆದೇಶದ ಪ್ರತಿ ಪುಕ್ಕಟೆ ಸಿಗುತ್ತದೆ, ಪೊಲೀಸ್ ಠಾಣೆಗೂ ಹೋಗುತ್ತದೆ. ನಿಮ್ಮ ಪ್ರತಿಯ ಝೆರಾಕ್ಸ್ ಒಂದನ್ನು ತವರಿನಲ್ಲಿಡಿ, ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಗಂಡ ರಕ್ಷಣಾ ಆದೇಶ ಮೀರಿದರೆ 1 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಠಾಣೆಯಲ್ಲಿ “ಮತ್ತ ಜಗಳ ಆತ್ರಿ” ಅನ್ನಬೇಡಿ. ಪ್ರತಿ ಮುಂದಿಟ್ಟು “ಕೋರ್ಟಿನ ಆದೇಶ ಮೀರ್ಯಾನ್ರಿ” ಅನ್ನಿ.