ಒಣಬಾಡಿನ ಹದ: ಹೊಗೆಯಲ್ಲಿ ಆರಿಸಿದ ಮಟನ್ನಿನ ಅಡುಗೆ ಮತ್ತು ಪೋಷಣೆ

ಹೊಗೆಗೆ ಕಟ್ಟಿದ ಮಾಂಸ ಕೆಡುವುದಿಲ್ಲ ಎಂಬ ಮಾತು ನಮ್ಮ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆ ಮಾತು ಅರ್ಧ ಮಾತ್ರ ನಿಜ. ಮಾಂಸವನ್ನು ಕಾಯುವುದು ಮುಖ್ಯವಾಗಿ ಉಪ್ಪು ಮತ್ತು ಒಣಗುವಿಕೆ. ಹೊಗೆಯಲ್ಲಿರುವ ಫೀನಾಲ್, ಫಾರ್ಮಾಲ್ಡಿಹೈಡ್ ಮತ್ತು ಆಮ್ಲಗಳಂಥ ವಸ್ತುಗಳು ಸೂಕ್ಷ್ಮಾಣುಗಳನ್ನು ತಡೆಯುವುದೂ ಕೊಬ್ಬು ಬೇಗ ಕಮಟದಂತೆ ನೋಡಿಕೊಳ್ಳುವುದೂ ನಿಜವಾದರೂ, ಅವು ಮಾಂಸದ ಮೇಲ್ಪದರವನ್ನು ದಾಟಿ ಒಳಗೆ ಹೆಚ್ಚು ಇಳಿಯುವುದಿಲ್ಲ. ಹೊರಗೆ ಕಪ್ಪಾಗಿ ಘಮಘಮಿಸುವ ತುಂಡಿನ ನಡುವೆ ಹಸಿ ಉಳಿದಿದ್ದರೆ ಅದು ಒಳಗಿನಿಂದಲೇ ಕೆಡುತ್ತದೆ. ಒಣಬಾಡನ್ನು ಮಾಡುವವರೂ ಕೊಳ್ಳುವವರೂ ಮೊದಲು ತಿಳಿಯಬೇಕಾದ ವಿಷಯ ಇದೇ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಮುಂದೆ ಹೇಳುವ ಕ್ರಮಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಮಾರಿಹಬ್ಬಕ್ಕೋ ಊರಹಬ್ಬಕ್ಕೋ ಕುರಿ ಕಡಿದಾಗ ಮನೆಮಂದಿ ಮತ್ತು ನೆಂಟರು ಉಂಡು ಮಿಕ್ಕ ಬಾಡನ್ನು ಉದ್ದುದ್ದ ಸೀಳಿ, ಉಪ್ಪು ಅರಿಸಿನ ಸವರಿ, ದಾರಕ್ಕೆ ಪೋಣಿಸಿ ಸೌದೆ ಒಲೆಯ ಮೇಲೆ ಕಟ್ಟುವುದು ರೂಢಿಯಾಗಿತ್ತು. ಕೆಲವರು ಇದನ್ನು ಉಪ್ಪುಕಂಡವೆಂದೂ ಕರೆಯುತ್ತಾರೆ. ಕೊಡಗಿನ ಮನೆಗಳಲ್ಲಿ ಮಳೆಗಾಲಕ್ಕೆಂದು ಒಲೆಯ ಮೇಲೆ ಮಾಂಸವನ್ನು ಆರಿಸಿಡುವ ಪದ್ಧತಿ ಇನ್ನೂ ಗಟ್ಟಿಯಾಗಿದೆ. ಈಗ ಗ್ಯಾಸ್ ಒಲೆಯ ಅಡುಗೆಮನೆಗಳಲ್ಲಿ ಹೊಗೆಯೂ ಇಲ್ಲ, ಅಟ್ಟವೂ ಇಲ್ಲ. ಆದರೂ ಆ ರುಚಿಯನ್ನು ಬಿಡಲಾರದವರು ಬಹಳ ಮಂದಿ ಇದ್ದಾರೆ.

ಮಾಂಸದ ಆಯ್ಕೆಯಿಂದ ಆರಂಭಿಸೋಣ. ಒಣಗಿಸಲು ತೊಡೆಯ ಮಾಂಸವೇ ಉತ್ತಮ. ಅದರಲ್ಲಿ ಎಳೆಗಳು ಉದ್ದವಾಗಿರುತ್ತವೆ, ಕೊಬ್ಬು ಕಡಿಮೆ ಇರುತ್ತದೆ. ಮೂಳೆ, ಎದೆಯ ಭಾಗ ಮತ್ತು ಈಲಿಯನ್ನು (ಲಿವರ್) ಒಣಗಿಸಲು ಹೋಗಬೇಡಿ, ಅವುಗಳನ್ನು ಅಂದೇ ಸಾರು ಮಾಡಿ ಮುಗಿಸಿ. ಬಿಳಿಯ ಕೊಬ್ಬನ್ನು ಚಾಕುವಿನಿಂದ ಆದಷ್ಟು ತೆಗೆದುಹಾಕಬೇಕು, ಏಕೆಂದರೆ ಉಪ್ಪು ಮಾಂಸವನ್ನು ಕಾಯುವಂತೆ ಕೊಬ್ಬನ್ನು ಕಾಯಲಾರದು; ಅದು ಗಾಳಿಗೆ ಕಮಟಿ ಇಡೀ ಸರಕ್ಕೆ ತನ್ನ ವಾಸನೆಯನ್ನು ಹಚ್ಚುತ್ತದೆ. ಬನ್ನೂರು ಕುರಿಯ ಮಾಂಸ ಸಾರಿಗೆ ಎಷ್ಟು ಹೆಸರಾಗಿದೆಯೋ ಒಣಗಿಸಲು ಅಷ್ಟು ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರ ಕೊಬ್ಬು ಮಾಂಸದ ಎಳೆಗಳ ನಡುವೆಯೇ ಹರಡಿಕೊಂಡಿರುತ್ತದೆ. ಒಣಬಾಡಿಗೆ ಮೇಕೆಯ ಮಾಂಸ, ಅದರಲ್ಲೂ ತೀರ ಎಳೆಯದಲ್ಲದ ಹೋತದ ಮಾಂಸ ಹೆಚ್ಚು ಹೊಂದುತ್ತದೆ.

ಸೀಳುಗಳು ಎಳೆಯ ಉದ್ದಕ್ಕೇ ಇರಬೇಕು ಮತ್ತು ಕಿರುಬೆರಳಿಗಿಂತ ದಪ್ಪವಿರಬಾರದು. ಒಂದು ಕಿಲೋ ಮಾಂಸಕ್ಕೆ 40 ಗ್ರಾಂ ಉಪ್ಪು, ಒಂದು ಚಮಚ ಅರಿಸಿನ, ಬೇಕಿದ್ದರೆ ಸ್ವಲ್ಪ ಮೆಣಸಿನಪುಡಿ ಸಾಕು. ಇವನ್ನು ಸೀಳುಗಳಿಗೆ ಚೆನ್ನಾಗಿ ತಿಕ್ಕಿ, ಮುಚ್ಚಿದ ಪಾತ್ರೆಯಲ್ಲಿಟ್ಟು ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಹಿಂದಿನವರು ಇದನ್ನು ಹೊರಗೇ ಇಡುತ್ತಿದ್ದರು. ಆದರೆ 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ರೋಗಾಣುಗಳು ವೇಗವಾಗಿ ಬೆಳೆಯುವುದರಿಂದ, ಫ್ರಿಜ್ಜು ಇರುವ ಮನೆಯಲ್ಲಿ ಆ ಅಪಾಯವನ್ನು ತಂದುಕೊಳ್ಳುವ ಕಾರಣವೇ ಇಲ್ಲ. ಬೆಳಿಗ್ಗೆ ಬಿಟ್ಟುಕೊಂಡ ನೀರನ್ನು ಚೆಲ್ಲಿ, ಸೀಳುಗಳನ್ನು ಬಟ್ಟೆಯಿಂದ ಒತ್ತಿ ಒರೆಸಿ, ಒಂದಕ್ಕೊಂದು ತಾಗದಂತೆ ದಾರಕ್ಕೆ ಪೋಣಿಸಿ. ತಾಗಿಕೊಂಡ ಜಾಗದಲ್ಲಿ ಗಾಳಿಯೂ ಆಡದು, ಹೊಗೆಯೂ ಹಾಯದು. ಲೋಳೆ ಮೊದಲು ಕಟ್ಟುವುದು ಅಲ್ಲಿಯೇ.

ಮೊದಲ ದಿನ ಬಿಸಿಲು ಬಲವಾಗಿರಬೇಕು. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣಹವೆಯ ದಿನಗಳು ಇದಕ್ಕೆ ತಕ್ಕವು. ಆಷಾಢ, ಶ್ರಾವಣಗಳಲ್ಲಿ ಹೊಸದಾಗಿ ಒಣಗಿಸಲು ಹೊರಡುವುದು ತಪ್ಪು. ತೆಳುವಾದ ಬಟ್ಟೆಯನ್ನು ಹೊದಿಸಿ ಒಣಗಿಸಿದರೆ ನೊಣ ಮೊಟ್ಟೆಯಿಡುವುದಿಲ್ಲ. ಸಂಜೆಗೆ ಮೇಲ್ಮೈ ಮುಟ್ಟಿದರೆ ಅಂಟದಂತಾದ ಮೇಲೆ ಒಲೆಯ ಮೇಲೆ ನಾಲ್ಕೈದು ಅಡಿ ಎತ್ತರದಲ್ಲಿ ಕಟ್ಟಬೇಕು. ಉರಿ ಮಾಂಸಕ್ಕೆ ತಾಗಬಾರದು, ಮಾಂಸದಿಂದ ಜಿಡ್ಡು ಕೆಂಡದ ಮೇಲೆ ತೊಟ್ಟಿಕ್ಕಬಾರದು. ತೊಟ್ಟಿಕ್ಕಿದ ಜಿಡ್ಡು ಸುಟ್ಟು ಏಳುವ ಹೊಗೆಯಲ್ಲಿ ಬೆಂಜೋಪೈರೀನ್‌ನಂಥ ವಿಷವಸ್ತುಗಳು ಹೆಚ್ಚಾಗಿರುತ್ತವೆ. ಕೊಬ್ಬನ್ನು ಮೊದಲೇ ತೆಗೆಯಿರಿ ಎನ್ನುವುದಕ್ಕೆ ಇದು ಎರಡನೆಯ ಕಾರಣ. ಹಗಲು ಬಿಸಿಲು, ಬೆಳಿಗ್ಗೆ ಸಂಜೆ ಹೊಗೆ, ಹೀಗೆ ಐದಾರು ದಿನ ನಡೆದರೆ ತೆಳುವಾದ ಸೀಳುಗಳು ಹದಕ್ಕೆ ಬರುತ್ತವೆ.

ಸೌದೆಯ ವಿಷಯದಲ್ಲಿ ಉದಾಸೀನ ಬೇಡ. ಹಲಸು, ಮಾವು, ಸೀಬೆ, ಕಾಫಿ ಗಿಡದ ಕಡ್ಡಿಗಳು, ತೆಂಗಿನ ಕರಟ ಇವು ಒಳ್ಳೆಯ ಹೊಗೆ ಕೊಡುತ್ತವೆ. ನೀಲಗಿರಿಯ ಹೊಗೆ ಮಾಂಸಕ್ಕೆ ಔಷಧಿಯ ವಾಸನೆ ಹಿಡಿಸುತ್ತದೆ. ಕಣಗಿಲೆ ವಿಷದ ಗಿಡ, ಅದರ ಒಂದು ಕಡ್ಡಿಯೂ ಒಲೆಗೆ ಹೋಗಬಾರದು. ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರು, ಪ್ಲಾಸ್ಟಿಕ್ ಹಾಕಿ ಉರಿ ಹೊತ್ತಿಸುವ ಅಭ್ಯಾಸ ಇವೆಲ್ಲವನ್ನೂ ಈ ಕೆಲಸದಲ್ಲಿ ಸಂಪೂರ್ಣವಾಗಿ ಬಿಡಬೇಕು. ಸೌದೆ ಒಣಗಿದ್ದು ನಿಧಾನವಾಗಿ ಕನಲುತ್ತಿರಬೇಕು. ಆಗ ತೆಳುವಾದ ನೀಲಿ ಛಾಯೆಯ ಹೊಗೆ ಏಳುತ್ತದೆ. ಹಸಿ ಸೌದೆಯ ದಟ್ಟ ಹೊಗೆಯಿಂದ ಮಾಂಸ ಬೇಗ ಕಪ್ಪಾಗುತ್ತದೆ, ಆದರೆ ಅದು ಮಸಿಯ ಕಪ್ಪು, ಬಾಯಿಗೆ ಕಹಿಯಾಗುತ್ತದೆ.

ಹದ ಬಂದಿತೇ ಎಂದು ನೋಡಲು ಅತ್ಯಂತ ದಪ್ಪ ತುಂಡನ್ನು ಆರಿಸಿ ಬಗ್ಗಿಸಬೇಕು. ಅದು ಬಿರಿಯಬೇಕು, ಆದರೆ ಎರಡಾಗಿ ಲಟಕ್ಕನೆ ಮುರಿಯಬಾರದು. ಅನಂತರ ಅದನ್ನು ನಡುವೆ ಕತ್ತರಿಸಿ ನೋಡಿದಾಗ ಒಳಗೂ ಹೊರಗೂ ಒಂದೇ ಗಾಢ ಬಣ್ಣವಿರಬೇಕು. ನಡುವೆ ಮೆತ್ತಗಿನ ಕೆಂಪು ಗೆರೆ ಕಂಡರೆ ಇನ್ನೂ ಒಣಗಬೇಕೆಂದು ಅರ್ಥ. ಅರೆ ಒಣಗಿದ್ದನ್ನು ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಹೊರಗಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ, ಏಕೆಂದರೆ ಗಾಳಿಯಿಲ್ಲದೆ ತೇವವಿರುವ ಕಡೆ ಬೆಳೆಯುವ ಬೊಟುಲಿಸಂ ರೋಗಾಣುವಿನ ವಿಷ ವಾಸನೆಯಿಂದಲೋ ಬಣ್ಣದಿಂದಲೋ ಗೊತ್ತಾಗುವಂಥದ್ದಲ್ಲ. ಚೆನ್ನಾಗಿ ಒಣಗಿದ್ದನ್ನು ತಣ್ಣಗಾದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಹೆಚ್ಚು ದಿನಕ್ಕಾದರೆ ಫ್ರೀಜರಿನಲ್ಲಿಡಿ. ಬೂಷ್ಟು ಕಂಡ ತುಂಡನ್ನು ಒರೆಸಿ ಬಿಸಿಲಿಗಿಟ್ಟು ಬಳಸುವ ಪದ್ಧತಿ ಹಿಂದೆ ಇತ್ತು. ನಾನು ಅದನ್ನು ಒಪ್ಪುವುದಿಲ್ಲ. ಎಷ್ಟೇ ಬೆಲೆ ಕೊಟ್ಟು ತಂದಿದ್ದರೂ ಎಸೆಯುವುದೇ ಸರಿ.

ಸೌದೆ ಒಲೆ ಇಲ್ಲದವರಿಗೆ ಎರಡು ದಾರಿಗಳಿವೆ. ಮುಚ್ಚಳವಿರುವ ಇದ್ದಿಲ ಗ್ರಿಲ್ ಇದ್ದರೆ, ಕೆಂಡವನ್ನು ಒಂದು ಬದಿಗೆ ಸರಿಸಿ ಅದರ ಮೇಲೆ ಮಾವಿನ ಚಕ್ಕೆಗಳನ್ನು ಹಾಕಿ, ಉಪ್ಪು ಹಿಡಿದ ಮಾಂಸವನ್ನು ಇನ್ನೊಂದು ಬದಿಗಿಟ್ಟು, ಒಳಗಿನ ಶಾಖ ಸುಮಾರು 100 ಡಿಗ್ರಿ ಇರುವಂತೆ ನೋಡಿಕೊಂಡು, ಮಾಂಸದ ನಡುಭಾಗ 71 ಡಿಗ್ರಿ ಮುಟ್ಟುವವರೆಗೆ ಹೊಗೆ ಕೊಡಬಹುದು. ಹೀಗೆ ಮಾಡಿದ್ದು ಬೆಂದ ಮಾಂಸವೇ ಹೊರತು ಒಣಬಾಡಲ್ಲ, ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನಗಳಲ್ಲಿ ಮುಗಿಸಬೇಕು. ಇದಕ್ಕೆ ಕಿಲೋಗೆ 15 ಗ್ರಾಂ ಉಪ್ಪು ಸಾಕು. ಇನ್ನೊಂದು ದಾರಿ ಎಲ್ಲರಿಗೂ ಸುಲಭ. ಬೆಂದ ಮಟನ್ನಿನ ಪಾತ್ರೆಯ ನಡುವೆ ಪುಟ್ಟ ಬಟ್ಟಲಿಟ್ಟು, ನಿಗಿನಿಗಿ ಕೆಂಡವೊಂದನ್ನು ಅದರಲ್ಲಿ ಹಾಕಿ, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ಐದು ನಿಮಿಷ ಮುಚ್ಚಿಟ್ಟರೆ ಹೊಗೆಯ ಘಮ ಹಿಡಿಯುತ್ತದೆ. ಇದು ರುಚಿಗೆ ಮಾತ್ರ. ಇದರಿಂದ ಮಾಂಸದ ಆಯುಸ್ಸು ಒಂದು ಗಂಟೆಯೂ ಹೆಚ್ಚುವುದಿಲ್ಲ. ಕಿಟಕಿ ತೆರೆದಿಟ್ಟುಕೊಂಡೇ ಇದನ್ನು ಮಾಡಬೇಕು.

ಇನ್ನು ಪೋಷಣೆಯ ಮಾತು. ಕೊಬ್ಬು ತೆಗೆದ ಹಸಿ ಮಟನ್ನಿನ ನೂರು ಗ್ರಾಮಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ, ಮುಕ್ಕಾಲು ಪಾಲು ನೀರೇ ಇರುತ್ತದೆ. ಒಂದು ಕಿಲೋ ಮಾಂಸ ಒಣಗಿ ಸುಮಾರು 350 ಗ್ರಾಮಿಗೆ ಇಳಿದಾಗ ಪ್ರೋಟೀನ್ ಎಲ್ಲಿಗೂ ಹೋಗಿರುವುದಿಲ್ಲ, ಆದ್ದರಿಂದ ನೂರು ಗ್ರಾಂ ಒಣಬಾಡಿನಲ್ಲಿ 50 ಗ್ರಾಮಿಗೂ ಮೀರಿ ಪ್ರೋಟೀನ್ ಸಿಗುತ್ತದೆ. ಕಬ್ಬಿಣ, ಸತು ಮತ್ತು ಬಿ12 ಜೀವಸತ್ವವೂ ಹೀಗೆಯೇ ಒತ್ತಾಗುತ್ತವೆ. ಆದರೆ ಉಪ್ಪಿನ ಲೆಕ್ಕವೂ ಅದೇ. ನಾವು ತಿಕ್ಕಿದ 40 ಗ್ರಾಂ ಉಪ್ಪಿನಲ್ಲಿ ಸ್ವಲ್ಪ ನೀರಿನೊಂದಿಗೆ ಇಳಿದುಹೋದರೂ, ನೂರು ಗ್ರಾಂ ಒಣಬಾಡಿನಲ್ಲಿ ಹತ್ತು ಗ್ರಾಮಿನ ಆಸುಪಾಸು ಉಪ್ಪು ಉಳಿದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ನೆನೆಸದೆ ತಿಂದ 50 ಗ್ರಾಂ ಒಣಬಾಡಿನಲ್ಲೇ ಅಷ್ಟೂ ಮುಗಿದುಹೋಗುತ್ತದೆ. ನೆನೆಸದೆ ಹಾಗೆಯೇ ಸುಟ್ಟು ಕಡಿಯುತ್ತಾ ಕೂರುವ ಅಭ್ಯಾಸ ನನಗೆ ಸರಿತೋರದಿರುವುದು ಇದರಿಂದಲೇ.

ಇದರೊಂದಿಗೆ ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ, ಉಪ್ಪು ಹಾಕಿ ಅಥವಾ ಹೊಗೆ ಕೊಟ್ಟು ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿತು; ದಿನವೂ 50 ಗ್ರಾಂ ಇಂಥ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಸುಮಾರು ಶೇಕಡ 18ರಷ್ಟು ಹೆಚ್ಚುತ್ತದೆಂದು ಅದು ತಿಳಿಸಿತು. ತಂಬಾಕೂ ಅದೇ ಗುಂಪಿನಲ್ಲಿದೆ. ಆದರೆ ಆ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆಯೇ ಹೊರತು ಒಣಬಾಡು ತಂಬಾಕಿನಷ್ಟೇ ಕೆಟ್ಟದ್ದೆಂದು ಹೇಳುವುದಿಲ್ಲ. ಹಾಗಿದ್ದರೂ ದಿನವೂ ತಿನ್ನುವ ಪದಾರ್ಥ ಇದಲ್ಲವೆಂಬುದು ಸ್ಪಷ್ಟ. ತಿಂಗಳಿಗೆ ಒಂದೆರಡು ಸಲ, ಕಾಳಿನ ಸಾರಿಗೆ ರುಚಿ ಕೊಡುವಷ್ಟು ಹಾಕಿಕೊಳ್ಳುವುದು ನಮ್ಮ ಹಿರಿಯರ ಕ್ರಮವೂ ಆಗಿತ್ತು, ಅದೇ ಸರಿಯಾದ ಕ್ರಮ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಯೂರಿಕ್ ಆಮ್ಲ ಹೆಚ್ಚಾಗಿ ಕೀಲು ನೋಯುವವರು ಹೊಸ ಮಟನ್ನನ್ನೇ, ಅದನ್ನೂ ವೈದ್ಯರು ಹೇಳಿದಷ್ಟೇ ತಿನ್ನಲಿ. ಪುಟ್ಟ ಮಕ್ಕಳ ಅನ್ನಕ್ಕೆ ಒಣಬಾಡಿನ ಸಾರು ಹಾಕಿ ಕಲಸಬೇಡಿ.

ಕಾಳಿನೊಂದಿಗೆ ಬೇಯಿಸಿರೆಂದು ನಾನು ಒತ್ತಿ ಹೇಳುವುದಕ್ಕೆ ರುಚಿಯೊಂದೇ ಕಾರಣವಲ್ಲ. ಕಾಳು ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ನಮ್ಮ ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಜೊತೆಯಲ್ಲಿ ಸ್ವಲ್ಪ ಮಾಂಸವಿದ್ದರೆ, ಉಣ್ಣುವಾಗ ನಿಂಬೆರಸ ಹಿಂಡಿಕೊಂಡರೆ ಹೀರಿಕೆ ಹೆಚ್ಚುತ್ತದೆ. ಊಟವಾದ ಕೂಡಲೇ ಕಾಫಿ ಟೀ ಕುಡಿದರೆ ಆ ಲಾಭ ಕುಗ್ಗುತ್ತದೆ. ರಕ್ತ ಕಡಿಮೆಯಿರುವ ಹೆಣ್ಣುಮಕ್ಕಳು ಇದನ್ನು ನೆನಪಿಡಬೇಕು.

ಐದಾರು ಜನಕ್ಕೆ 150 ಗ್ರಾಂ ಒಣಬಾಡು ಮತ್ತು 200 ಗ್ರಾಂ ಹುರುಳಿಕಾಳು ಸಾಕು. ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ಮಾಂಸವನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಮತ್ತೊಮ್ಮೆ ಹಾಗೆಯೇ ನೆನೆಸಿ ತೊಳೆದರೆ ಉಪ್ಪೂ ಮೇಲಿನ ಮಸಿಯೂ ಬಹುಪಾಲು ಇಳಿಯುತ್ತವೆ. ನೀರಿನೊಂದಿಗೆ ಒಂದಿಷ್ಟು ಬಿ ಜೀವಸತ್ವ ಹೋಗುವುದು ನಿಜ, ಆದರೆ ಉಪ್ಪು ಇಳಿಯುವುದೇ ಇಲ್ಲಿ ಮುಖ್ಯ. ನೆನೆದ ತುಂಡುಗಳನ್ನು ಒರಳಿನಲ್ಲಿ ಹಗುರವಾಗಿ ಜಜ್ಜಿ ಎಳೆ ಬಿಡಿಸಿ. ಜಜ್ಜದೆ ಬೇಯಿಸಿದರೆ ಎಷ್ಟು ಹೊತ್ತು ಬೆಂದರೂ ನಾರಿನಂತೆ ಹಲ್ಲಿಗೆ ಸಿಕ್ಕುತ್ತದೆ. ಅನಂತರ ಕಾಳು, ಮಾಂಸ ಎರಡನ್ನೂ ಒಂದೂವರೆ ಲೀಟರ್ ನೀರಿನೊಂದಿಗೆ ಕುಕ್ಕರಿನಲ್ಲಿ ಉಪ್ಪಿಲ್ಲದೆ ಆರೇಳು ಸೀಟಿ ಕೂಗಿಸಿ, ಸಣ್ಣ ಉರಿಯಲ್ಲಿ ಇನ್ನೂ ಹತ್ತು ನಿಮಿಷ ಬಿಡಿ.

ಮಸಾಲೆಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿಯನ್ನು ಬಾಡಿಸಿ, ಧನಿಯ, ಬ್ಯಾಡಗಿ ಮೆಣಸಿನಕಾಯಿ, ಕಾಳುಮೆಣಸು, ಜೀರಿಗೆಯನ್ನು ಹುರಿದು, ಒಂದು ಹಿಡಿ ತೆಂಗಿನ ತುರಿಯೊಂದಿಗೆ ನುಣ್ಣಗೆ ರುಬ್ಬಬೇಕು. ಚಕ್ಕೆ ಲವಂಗವನ್ನು ಹೊಸ ಬಾಡಿನ ಸಾರಿಗೆ ಹಾಕುವುದರ ಅರ್ಧಕ್ಕಿಂತ ಹೆಚ್ಚು ಹಾಕಬೇಡಿ, ಹೊಗೆಯ ಘಮದ ಮೇಲೆ ಅವು ಏರಿಬಂದರೆ ಎರಡೂ ಕೆಡುತ್ತವೆ. ಒಗ್ಗರಣೆಯಲ್ಲಿ ಮಸಾಲೆಯ ಹಸಿವಾಸನೆ ಹೋಗುವವರೆಗೆ ಬಾಡಿಸಿ, ಬೆಂದ ಕಾಳು ಮಾಂಸವನ್ನು ನೀರಿನೊಂದಿಗೆ ಸುರಿದು, ಸ್ವಲ್ಪ ಹುಣಸೆರಸ ಬಿಟ್ಟು ಹದಿನೈದು ನಿಮಿಷ ಕುದಿಸಿ. ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಬೇಕು. ಎಷ್ಟೋ ಸಲ ಹಾಕುವ ಅಗತ್ಯವೇ ಬೀಳುವುದಿಲ್ಲ. ಅವರೆಯ ಕಾಲದಲ್ಲಿ ಹುರುಳಿಯ ಬದಲು ಹಿದುಕಿದ ಅವರೆಯನ್ನು ಬಳಸಬಹುದು. ಅದು ಬೇಗ ಬೇಯುವುದರಿಂದ ಮಾಂಸ ಮೆತ್ತಗಾದ ಮೇಲೆ ಸೇರಿಸಬೇಕು.

ಅಕ್ಕಿ ರೊಟ್ಟಿಗೆ ಒಣ ಹುರುಕಲು ಬೇಕೆನಿಸಿದರೆ, ಇದೇ ರೀತಿ ನೆನೆಸಿ ಜಜ್ಜಿ ಕುಕ್ಕರಿನಲ್ಲಿ ಬೇಯಿಸಿದ ಮಾಂಸವನ್ನು ಕೈಯಿಂದ ಎಳೆಯಾಗಿ ಬಿಡಿಸಿಕೊಂಡು, ಸ್ವಲ್ಪವೇ ಎಣ್ಣೆಯಲ್ಲಿ ಕರಿಬೇವು, ಹಸಿಮೆಣಸಿನಕಾಯಿ ಮತ್ತು ಮಾಂಸದ ಎರಡರಷ್ಟು ಈರುಳ್ಳಿ ಹಾಕಿ ಹುರಿದು, ಕಾಳುಮೆಣಸಿನ ಪುಡಿ ಉದುರಿಸಿ ಇಳಿಸಿ. ಕೊಡಗಿನ ಕಾಚಂಪುಳಿ ಎಂಬ ಹುಳಿರಸ ಮನೆಯಲ್ಲಿದ್ದರೆ ಅರ್ಧ ಚಮಚ ಸಾಕು, ಇಲ್ಲವಾದರೆ ನಿಂಬೆರಸ ಆದೀತು. ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಬಳಸುವಾಗ ತಳದಿಂದ ಹಬೆಯಾಡುವಷ್ಟು ಚೆನ್ನಾಗಿ ಬಿಸಿಮಾಡಿ, ಒಂದೇ ಸಲಕ್ಕೆ ಮುಗಿಸಿ.