ಗಾಳಿ ಕಡಿಮೆ, ಅಲೆ ಚಿಕ್ಕದು: ಹಾಯಿ ಬೆಳೆಸಲಿಲ್ಲ, ಬೋರ್ಡ್ ಬೆಳೆಸಿದೆ

ಇದು ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ನೀರಿನಲ್ಲಿ ಓಡುವ ಆಟದ ಮಾತು. ಎಂಟು ನಾಟ್ (ತಾಸಿಗೆ ಸುಮಾರು ಹದಿನೈದು ಕಿ.ಮೀ.) ಗಾಳಿ, ಸೊಂಟದೆತ್ತರದ ಅಲೆ. ಇಂಥ ದಿನ ಸಿಗುವ ಸಲಹೆ ಒಂದೇ: ದೊಡ್ಡ ಹಾಯಿ ಕಟ್ಟು, ಇಲ್ಲವೇ ಸಾಮಾನು ಬಿಚ್ಚದೆ ವಾಪಸು ಹೋಗು. ನಾನು 5.3 ಚದರ ಮೀಟರಿನ ಹಾಯಿಯನ್ನೇ ಉಳಿಸಿಕೊಂಡು ಅದರಡಿಗೆ 140 ಲೀಟರಿನ, ಒಂಬತ್ತು ಅಡಿ ಉದ್ದದ ವೇವ್ ಪ್ಯಾಡಲ್ ಬೋರ್ಡ್ (ನಿಂತು ಹುಟ್ಟು ಹಾಕುತ್ತಾ ಅಲೆ ಸವಾರಿ ಮಾಡುವ ಬೋರ್ಡ್) ಹಾಕಿದಾಗ ಒಪ್ಪಿದವರು ಯಾರೂ ಇರಲಿಲ್ಲ. ತಿರುಗುವುದಿಲ್ಲ, ಗಾಳಿಗೆ ಎದುರಾಗಿ ಏರುವುದಿಲ್ಲ, ಮಾಸ್ಟ್ (ಹಾಯಿಯ ಕಂಬ) ಕೂರಿಸಿದ ಜಾಗದಲ್ಲೇ ಮುರಿಯುತ್ತದೆ ಅಂದರು. ಎರಡು ಸೀಸನ್ ಮುಗಿದಿದೆ. ಏಳರಿಂದ ಹನ್ನೊಂದು ನಾಟ್‌ನ ದಿನಗಳಲ್ಲಿ ತಾಸಿಗೆ ಹತ್ತು ಹನ್ನೆರಡು ಅಲೆ ಲೆಕ್ಕಕ್ಕೆ ಸಿಗುತ್ತಿವೆ, ಬೋರ್ಡ್ ಗಟ್ಟಿಯಾಗಿದೆ, ಅನುಮಾನಪಟ್ಟವರಲ್ಲಿ ಇಬ್ಬರು ಇದೇ ಅಳತೆಯದನ್ನು ಹುಡುಕುತ್ತಿದ್ದಾರೆ. ಕೆಳಗಿನ ಅಂಕಿಗಳು ನೆನಪಿನಿಂದ ಬರೆದವು. ಒಂದೆರಡು ಸೆಂಟಿಮೀಟರ್ ಆಚೀಚೆ ಆದರೆ ಫಲಿತಾಂಶ ಬದಲಾಗುವುದಿಲ್ಲ.

ಮೊದಲು ಹಾಯಿಯ ಲೆಕ್ಕ. 5.3ರಿಂದ 7.0ಕ್ಕೆ ಹೋದರೆ ಎಳೆತ ಹೆಚ್ಚುವುದು ಮೂರನೇ ಒಂದು ಪಾಲಿನಷ್ಟು. ಗಾಳಿಯೇ 8 ನಾಟ್‌ನಿಂದ 12ಕ್ಕೆ ಏರಿದರೆ ಎಳೆತ ಎರಡೂಕಾಲು ಪಟ್ಟು, ಯಾಕೆಂದರೆ ಒತ್ತಡ ಏರುವುದು ವೇಗದ ವರ್ಗಕ್ಕೆ ತಕ್ಕಂತೆ. ಹೀಗಾಗಿ ಹಾಯಿ ದೊಡ್ಡದು ಮಾಡಿ ಗಾಳಿಯ ಕೊರತೆ ತುಂಬಲು ಆಗುವುದಿಲ್ಲ. ಆ ಮೂರನೇ ಒಂದು ಪಾಲಿಗಾಗಿ ಉದ್ದನೆಯ ಮಾಸ್ಟ್, ಉದ್ದನೆಯ ಬೂಮ್ (ಹಾಯಿ ಹಿಡಿಯುವ ಅಡ್ಡ ಕೋಲು), ಕೈಯಲ್ಲಿ ಎರಡು ಮೂರು ಕಿಲೋ ಹೆಚ್ಚು ಭಾರ. ಇಷ್ಟೆಲ್ಲ ಹೊತ್ತರೂ 78 ಕಿಲೋ ಮೈ ಎಂಟು ನಾಟ್‌ನಲ್ಲಿ ಪ್ಲೇನ್ ಆಗುವುದಿಲ್ಲ, ಅಂದರೆ ಬೋರ್ಡ್ ಎದ್ದು ನೀರಿನ ಮೇಲೆ ಜಾರುವುದಿಲ್ಲ. ಇನ್ನು ಅಲೆ ಹಿಡಿದು ಗಾಳಿಯ ಜೊತೆ ಇಳಿಯಲು ಶುರು ಮಾಡಿದ ಕೂಡಲೇ ಹಾಯಿಗೆ ಸಿಗುವ ಗಾಳಿ ಬಹುಪಾಲು ಸತ್ತುಹೋಗುತ್ತದೆ. ಆಗ ಏಳು ಮೀಟರ್ ಬಟ್ಟೆ ಜೋತುಬಿದ್ದು ತೋಳನ್ನು ಕೆಳಗೆ ಎಳೆಯುತ್ತದೆ. 5.3 ಆದರೆ ಒಂದೇ ಕೈಯಲ್ಲಿ ತೇಲಿಸಿಕೊಂಡು ಹೋಗಬಹುದು.

ಚಿಕ್ಕ ಅಲೆ ನಿಧಾನದ ಅಲೆ ಅನ್ನುವುದೇ ನಮ್ಮ ಪಾಲಿನ ಅದೃಷ್ಟ. ಒಂದು ಮೀಟರ್ ಆಳದ ನೀರಿನಲ್ಲಿ ಅಲೆ ಓಡುವುದು ಸೆಕೆಂಡಿಗೆ ಸುಮಾರು 3.1 ಮೀಟರ್, ಅಂದರೆ ಆರು ನಾಟ್. ಒಡೆಯುವ ಹೊತ್ತಿಗೆ ಅದಕ್ಕಿಂತ ತುಸು ಜಾಸ್ತಿ. ಪ್ಲೇನ್ ಆಗದ ಬೋರ್ಡಿನ ವೇಗಕ್ಕೆ ಮಿತಿ ಹಾಕುವುದು ನೀರಿನಲ್ಲಿರುವ ಉದ್ದ: ಏಳೂವರೆ ಅಡಿಗೆ ಸುಮಾರು 3.7 ನಾಟ್, ಒಂಬತ್ತು ಅಡಿಗೆ 4, ಹನ್ನೆರಡು ಅಡಿಗೆ 4.6. ಒಲಿಂಪಿಕ್ಸ್‌ನಲ್ಲಿ 1996ರಿಂದ 2004ರವರೆಗೆ ಓಡಿದ ಮಿಸ್ಟ್ರಲ್ ಒನ್ ಡಿಸೈನ್ 372 ಸೆಂ.ಮೀ. ಇತ್ತು; ಆ ಉದ್ದದ ಬೋರ್ಡುಗಳು ಇಷ್ಟು ಕಡಿಮೆ ಗಾಳಿಯಲ್ಲೂ ಜಾರುವುದು ಇದೇ ಕಾರಣಕ್ಕೆ. ನಾಲ್ಕು ನಾಟ್‌ಗೂ ಅಲೆಯ ವೇಗಕ್ಕೂ ನಡುವಿನ ಅಂತರವನ್ನು ಅಲೆಯ ಇಳಿಜಾರು ಮತ್ತು ಹಾಯಿಯ ಎರಡು ಮೂರು ಪಂಪ್ (ಹಾಯಿಯನ್ನು ಬೀಸಣಿಗೆಯಂತೆ ಜಗ್ಗುವುದು) ತುಂಬಬೇಕು. ಒಂಬತ್ತು ಅಡಿಗೆ ಅದು ತುಂಬುತ್ತದೆ. ಏಳೂವರೆ ಅಡಿಯ ಬೋರ್ಡಿಗೆ ಅಲೆ ಒಡೆಯುವ ಕ್ಷಣದವರೆಗೂ ತುಂಬುವುದಿಲ್ಲ, ಆಮೇಲೆ ನೊರೆ ಮಾತ್ರ ಉಳಿದಿರುತ್ತದೆ.

ಇಷ್ಟು ತಿಳಿಯುವ ಮೊದಲು ಮೂರು ತಪ್ಪು ಬೋರ್ಡುಗಳಿಗೆ ದುಡ್ಡು ಹೋಯಿತು. ಮೊದಲನೆಯದು 145 ಲೀಟರಿನ ಫ್ರೀರೈಡ್ (ಸಮತಟ್ಟು ನೀರಿನಲ್ಲಿ ಓಡಲು ಮಾಡಿದ ಬೋರ್ಡ್), ಅಗಲ 80 ಸೆಂ.ಮೀ. ಮೇಲೆ. ಲೀಟರ್ ಲೆಕ್ಕ ಸರಿ, ಆಕಾರ ತಪ್ಪು. ತಳ ಹಿಂದಿನ ಒಂದು ಮೀಟರ್ ಪೂರ್ತಿ ಚಪ್ಪಟೆ, ಮೂತಿ ಏಳುವುದು ತೀರಾ ಮುಂದೆ. ಅಲೆ ಹಿಡಿದ ಪ್ರತಿ ಸಲವೂ ಮೂತಿ ನೀರಿಗೆ ಕುತ್ತಿತು. ಎರಡನೆಯದು ಹಳೆಯ ಉದ್ದನೆಯ ರೇಸ್ ಬೋರ್ಡ್. ಸಿಕ್ಕ ಅಲೆಯನ್ನೆಲ್ಲ ಹಿಡಿಯಿತು, ಒಂದರಲ್ಲೂ ತಿರುಗಲಿಲ್ಲ, ಹದಿನೈದು ಕಿಲೋ ಭಾರ ದಡದ ಅಲೆಯಲ್ಲಿ ಕಾಲಿಗೆ ಅಪಾಯ. ಮೂರನೆಯದು 105 ಲೀಟರಿನ ವೇವ್ ಬೋರ್ಡ್ ಮತ್ತು ಅದಕ್ಕೆಂದೇ ಕೊಂಡ 6.4 ಹಾಯಿ. ಹನ್ನೆರಡು ನಾಟ್ ಮೇಲೆ ಬಲು ಚೆನ್ನ. ಗಾಳಿ ಬಿಟ್ಟರೆ ಮೊಣಕಾಲು ಮುಳುಗುತ್ತಿತ್ತು. ಮೂರನ್ನೂ ಅರ್ಧ ಬೆಲೆಗೆ ಮಾರಿದೆ. ಕಳೆದುಕೊಂಡದ್ದನ್ನು ಕೂಡಿಸಿದರೆ ಒಂದು ಹೊಸ ವೇವ್ ಪ್ಯಾಡಲ್ ಬೋರ್ಡಿನ ಬೆಲೆ. ಕೊನೆಗೆ ಕೊಂಡ ನಾಲ್ಕನೆಯದಕ್ಕೆ, ಅದು ಸೆಕೆಂಡ್ ಹ್ಯಾಂಡ್, ಆ ಬೆಲೆಯ ಮೂರನೇ ಒಂದು ಭಾಗವೂ ಆಗಲಿಲ್ಲ.

ಲೀಟರ್ ಎಷ್ಟು? ಮೈ 78, ಕಟ್ಟಿದ ಹಾಯಿ 9, ಬೋರ್ಡ್ 10, ಒದ್ದೆ ಬಟ್ಟೆ ಮತ್ತು ಹಾರ್ನೆಸ್ (ಹಾಯಿಯ ಎಳೆತ ಹೊರುವ ಸೊಂಟಪಟ್ಟಿ) 3. ಒಟ್ಟು ನೂರು ಕಿಲೋ, ಅಂದರೆ ನೂರು ಲೀಟರಿಗೆ ಬೋರ್ಡ್ ಪೂರ್ತಿ ಮುಳುಗಿ ತೇಲುವ ಅಂಚಿನಲ್ಲಿರುತ್ತದೆ. ಉಪ್ಪುನೀರು ಎರಡೂವರೆ ಕಿಲೋ ಹೆಚ್ಚು ಹೊರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಈ ನೂರರ ಮೇಲೆ ಇಪ್ಪತ್ತು ಸಾಕು ಅನ್ನುವವರು ಶಾಂತ ನೀರಿನ ಮಾತು ಹೇಳುತ್ತಿದ್ದಾರೆ. ಒಡೆದ ಅಲೆಯ ನೊರೆಯಲ್ಲಿ ಅರ್ಧ ಗಾಳಿಯೇ ತುಂಬಿರುತ್ತದೆ, ಅದು ಅಷ್ಟು ಹೊರುವುದಿಲ್ಲ. ಚಿಕ್ಕ ಅಲೆಯಲ್ಲಿ ಗಾಳಿ ಬಿಟ್ಟುಹೋಗುವುದೂ ಆ ನೊರೆಯ ಮಧ್ಯದಲ್ಲೇ, ಅಪ್‌ಹಾಲ್ (ನೀರಿಗೆ ಬಿದ್ದ ಹಾಯಿಯನ್ನು ಎತ್ತುವ ಹಗ್ಗ) ಎಳೆಯಬೇಕಾಗುವುದೂ ಅಲ್ಲೇ. ನನ್ನ ಲೆಕ್ಕದಲ್ಲಿ ಒಟ್ಟು ಭಾರದ ಮೇಲೆ ನಲವತ್ತು ಲೀಟರ್ ಬೇಕು. ಅಂದರೆ ಮೈತೂಕಕ್ಕೆ ಅರವತ್ತು ಕೂಡಿಸಿ. ಅರವತ್ತು ಕಿಲೋ ತೂಗುವವರಿಗೆ 115ರಿಂದ 120, ತೊಂಬತ್ತು ದಾಟಿದವರಿಗೆ 150. ಇದಕ್ಕಿಂತ ಮೇಲೆ ಹೋದರೆ ಅಂಚು ದಪ್ಪವಾಗಿ ಅಲೆಯ ಮೈಗೆ ಕಚ್ಚುವುದೇ ಇಲ್ಲ. ಎರಡು ದಿನ 170 ಲೀಟರಿನದನ್ನು ಎರವಲು ತಂದು ನೋಡಿದೆ: ನಿಲ್ಲಲು ಸುಖ, ತಿರುಗಿಸಲು ಬಾಗಿಲು ತಳ್ಳಿದ ಹಾಗೆ.

ಲೀಟರ್ ಸಂಖ್ಯೆಗಿಂತ ಅಗಲವನ್ನು ನೋಡಿ ಕೊಳ್ಳಬೇಕು. ಪಕ್ಕಕ್ಕೆ ವಾಲದೆ ನಿಲ್ಲುವ ಶಕ್ತಿ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ, 70 ಸೆಂ.ಮೀ. ಇದ್ದದ್ದು 77 ಆದರೆ ಮೂರನೇ ಒಂದು ಪಾಲು ಹೆಚ್ಚು. ನನಗೆ ಸರಿ ಬಂದದ್ದು 76. ಎಂಬತ್ತು ದಾಟಿದರೆ ಹಿಮ್ಮಡಿಯಿಂದ ಅಂಚಿಗೆ ಭಾರ ಹಾಕಲು ಇಡೀ ಹೆಜ್ಜೆ ಸರಿಸಬೇಕು, ಅಷ್ಟರಲ್ಲಿ ಅಲೆ ಮುಗಿದಿರುತ್ತದೆ. ಬಾಲದ ಅಗಲವನ್ನು ತುದಿಯಿಂದ 30 ಸೆಂ.ಮೀ. ಮುಂದೆ ಅಳೆಯಿರಿ, 40ರಿಂದ 44 ಇದ್ದರೆ ಒಳ್ಳೆಯದು. ಐವತ್ತರ ಬಾಲ ಬೇಗ ಏಳುತ್ತದೆ, ಆದರೆ ಅಲೆಯ ಬುಡದಲ್ಲಿ ತಿರುಗಿಸುವಾಗ ಜಾರುತ್ತದೆ.

ರಾಕರ್, ಅಂದರೆ ತಳದ ಬಾಗು, ಅಳೆಯದೆ ಹಳೆಯ ಬೋರ್ಡ್ ಕೊಳ್ಳಬೇಡಿ. ಬೋರ್ಡನ್ನು ಮಗುಚಿ ಹಾಕಿ, ನೇರವಾದ ಎರಡು ಮೀಟರಿನ ಅಲ್ಯುಮಿನಿಯಂ ಪಟ್ಟಿಯನ್ನು ತಳದ ನಡುಗೆರೆಯ ಮೇಲೆ, ಮಧ್ಯದಲ್ಲಿ ತಾಗುವಂತೆ ಇಟ್ಟು, ಎರಡು ತುದಿಯಲ್ಲೂ ದಾರ ಕಟ್ಟಿ ಮುಂದುವರಿಸಿ ಮೂತಿಗೂ ಬಾಲಕ್ಕೂ ಇರುವ ಸಂದು ಅಳೆಯಿರಿ. ನನ್ನದರಲ್ಲಿ ಮೂತಿ ಹನ್ನೆರಡು ಸೆಂ.ಮೀ., ಬಾಲ ಐದರ ಹತ್ತಿರ, ನಡುವೆ ಎಂಬತ್ತು ಸೆಂ.ಮೀ. ಉದ್ದಕ್ಕೆ ಹೆಚ್ಚುಕಡಿಮೆ ಚಪ್ಪಟೆ. ಆ ಚಪ್ಪಟೆ ಭಾಗವೇ ಅಲೆಯನ್ನು ಬೇಗ ಹಿಡಿಸುವುದು. ಪೂರ್ತಿ ಬಿಲ್ಲಿನಂತೆ ಬಾಗಿದ ಬೋರ್ಡ್ ದೊಡ್ಡ, ಕಡಿದಾದ ಅಲೆಗೆ ಮಾಡಿದ್ದು. ಸೊಂಟದೆತ್ತರದಲ್ಲಿ ಅದು ನೀರು ತಳ್ಳುತ್ತಾ ನಿಂತುಬಿಡುತ್ತದೆ.

ಫಿನ್, ಅಂದರೆ ತಳದ ಹಿಂಬದಿಯ ರೆಕ್ಕೆ, ಅದರ ವಿಷಯಕ್ಕೆ ಬಂದರೆ ಹೆಚ್ಚು ಸಮಯ ಹಾಳಾದದ್ದು ಇಲ್ಲೇ, ಲಾಭ ಸಿಕ್ಕಿದ್ದೂ ಇಲ್ಲೇ. ಬೋರ್ಡಿನ ಜೊತೆ ಬಂದ ಹದಿನೆಂಟು ಸೆಂ.ಮೀ. ಮಧ್ಯದ ಫಿನ್ ಪ್ಯಾಡಲ್‌ಗೆ ಸರಿ. ಹಾಯಿ ಹಾಕಿದರೆ ಬೋರ್ಡ್ ಪಕ್ಕಕ್ಕೆ ಜಾರಿ ಹತ್ತು ನಿಮಿಷದಲ್ಲಿ ಇನ್ನೂರು ಮೀಟರ್ ಗಾಳಿ ಹೋಗುವ ಕಡೆಗೆ ಒಯ್ದಿತು. ಮೂವತ್ತರ ಫ್ರೀರೈಡ್ ಫಿನ್ ಹಾಕಿದೆ. ಗಾಳಿಗೆ ಚೆನ್ನಾಗಿ ಏರಿತು, ಅಲೆಯಲ್ಲಿ ಹಳಿ ಮೇಲಿಟ್ಟಂತೆ ನೇರ ಓಡಿತು, ಎರಡನೆಯ ವಾರ ಮರಳು ದಿಬ್ಬಕ್ಕೆ ಬಡಿದು ಫಿನ್ ಬಾಕ್ಸ್ (ಫಿನ್ ಕೂರುವ ಗೂಡು) ಹಿಂದೆ ಕೂದಲೆಳೆ ಬಿರುಕು ಬಿಟ್ಟಿತು. ಈಗ ಇರುವುದು ಯುಎಸ್ ಬಾಕ್ಸ್ ಎಂಬ ಉದ್ದನೆಯ ಗೂಡಿನಲ್ಲಿ 23 ಸೆಂ.ಮೀ., ಬುಡ ಅಗಲ, ಹಿಂದಕ್ಕೆ ಬಾಗಿದ ಫಿನ್. ಪಕ್ಕದಲ್ಲಿ ಹತ್ತು ಹತ್ತೂವರೆಯ ಎರಡು. ಮಧ್ಯದ್ದನ್ನು ಬಾಕ್ಸಿನಲ್ಲಿ ಪೂರ್ತಿ ಹಿಂದೆ ಇಟ್ಟರೆ ಏರುವುದು ಸುಲಭ, ಎರಡು ಸೆಂ.ಮೀ. ಮುಂದೆ ತಂದರೆ ತಿರುಗುವುದು ಸುಲಭ. ನಾನು ನಡುವಿನಲ್ಲಿ ಎಲ್ಲೋ ನಿಲ್ಲಿಸಿದ್ದೇನೆ. ಪಕ್ಕದ ಫಿನ್‌ಗಳ ಹಿಂಬದಿ ಅಂಚನ್ನು ಎಷ್ಟು ತಿಕ್ಕಿ ತೆಳ್ಳಗೆ ಮಾಡಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ; ಅದಕ್ಕೆ ಒಂದು ಇಡೀ ತಿಂಗಳು ಹಿಡಿದಿದೆ.

ಫಿನ್ ಒಂದರಿಂದಲೇ ಏರಲು ಹೋಗಬೇಡಿ. ಪ್ಲೇನ್ ಆಗದೆ ಇರುವಾಗ ಹಿಂಗಾಲಿಗೆ ಭಾರ ಹಾಕಿದರೆ ಫಿನ್ ನೀರಿನ ಹಿಡಿತ ಕಳೆದುಕೊಂಡು ಬಾಲ ಪಕ್ಕಕ್ಕೆ ಹೋಗುತ್ತದೆ. ಮಾಸ್ಟಿಗೆ ಒಂದು ಅಡಿ ಹತ್ತಿರ ನಿಂತು, ಮುಂಗಾಲ ಬೆರಳಿಂದ ಗಾಳಿಯ ಕೆಳಬದಿಯ (ಗಾಳಿ ಹೋಗುವ ಕಡೆಯ) ಅಂಚನ್ನು ಎರಡು ಬೆರಳಷ್ಟು ಮುಳುಗಿಸಿ. ಆ ಉದ್ದನೆಯ ಅಂಚೇ ಪಕ್ಕಕ್ಕೆ ಜಾರದಂತೆ ತಡೆಯುವ ನಡುಹಲಗೆಯಾದ ಡ್ಯಾಗರ್‌ಬೋರ್ಡಿನ ಕೆಲಸ ಮಾಡುತ್ತದೆ. ಕಡಿಮೆ ಗಾಳಿಯಲ್ಲಿ ಚಿಕ್ಕ ಬೋರ್ಡ್ ಎಂದೂ ಕೊಡದ ಲಾಭ ಇದು.

ಮಾಸ್ಟ್ ಕೂರುವ ಜಾಗ. ಬಹಳ ಪ್ಯಾಡಲ್ ಬೋರ್ಡುಗಳಲ್ಲಿ ಒಂದೇ ಎಂ8 (8 ಮಿ.ಮೀ. ಬೋಲ್ಟಿನ) ತೂತು ಇರುತ್ತದೆ, ಸರಿಸಲು ಬರುವುದಿಲ್ಲ. ಟ್ರ್ಯಾಕ್ (ಮಾಸ್ಟನ್ನು ಹಿಂದೆ ಮುಂದೆ ಸರಿಸುವ ಸೀಳು) ಇರುವುದನ್ನೇ ಹುಡುಕಿ, ಇನ್ನೂ ಎರಡು ತಿಂಗಳು ಕಾಯಬೇಕಾದರೂ ಸರಿ. ನನ್ನದರಲ್ಲಿ ಬಾಲದಿಂದ 145 ಸೆಂ.ಮೀ. ಆಸುಪಾಸು. ಹತ್ತು ಸೆಂ.ಮೀ. ಮುಂದೆ ಹಾಕಿದಾಗ ಜಾರುವುದು ಚುರುಕಾಯಿತು, ಆದರೆ ಬೋರ್ಡ್ ಗಾಳಿಯಿಂದ ದೂರ ತಿರುಗುತ್ತಲೇ ಇತ್ತು, ಅಲೆಯಲ್ಲಿ ಮೂತಿ ಭಾರವಾಯಿತು. ಹಿಂದೆ ತಂದರೆ ತಾನಾಗಿ ಗಾಳಿಗೆ ಎದುರು ತಿರುಗಿ ನಿಲ್ಲುತ್ತದೆ. ಒಂದು ಸಲಕ್ಕೆ ಎರಡು ಸೆಂ.ಮೀ. ಮಾತ್ರ ಸರಿಸಿ, ಅದೇ ದಿನ ಹಾಯಿಯ ಹೊಂದಾಣಿಕೆ ಮುಟ್ಟಬೇಡಿ. ಎರಡೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ.

ಹಾಯಿಗೆ ಡೌನ್‌ಹಾಲ್ (ಹಾಯಿಯನ್ನು ಕೆಳಗೆ ಎಳೆಯುವ ಹಗ್ಗ) ತಯಾರಕರ ಗುರುತಿನಷ್ಟೇ, ಔಟ್‌ಹಾಲ್ (ಹಾಯಿಯನ್ನು ಬೂಮಿನ ತುದಿಗೆ ಎಳೆಯುವ ಹಗ್ಗ) ಒಂದೂವರೆ ಸೆಂ.ಮೀ. ಸಡಿಲ. ಇನ್ನೂ ಸಡಿಲ ಬಿಟ್ಟು ಹೊಟ್ಟೆ ಬರಿಸಿದರೆ ಪಂಪ್ ಮಾಡಲು ಚೆನ್ನ ಅನಿಸುತ್ತದೆ, ಆದರೆ ಅಲೆಯ ಮೇಲೆ ಹಾಯಿಯನ್ನು ತಟಸ್ಥವಾಗಿ ಹಿಡಿಯಲು ಬರುವುದಿಲ್ಲ, ಹೊಟ್ಟೆ ಸುಮ್ಮನೆ ಎಳೆಯುತ್ತಿರುತ್ತದೆ. ಬೂಮ್ ಭುಜದೆತ್ತರ. ಫುಟ್‌ಸ್ಟ್ರಾಪ್‌ಗಳನ್ನು (ಕಾಲು ತೂರಿಸುವ ಪಟ್ಟಿ) ಬಿಚ್ಚಿಟ್ಟೆ, ಡೆಕ್ (ಬೋರ್ಡಿನ ಮೇಲ್ಮೈ) ಮೇಲೆ ನಡೆಯುವುದೇ ಇಲ್ಲಿ ಸ್ಟೀರಿಂಗ್, ಸ್ಟ್ರಾಪ್ ಕಾಲಿಗೆ ಸಿಕ್ಕಿಕೊಳ್ಳುತ್ತದೆ.

ಮಧ್ಯೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಗಾಳಿ ತುಂಬುವ ಬೋರ್ಡ್, 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ವರೆಗೆ ತುಂಬಿದರೂ ಮಾಸ್ಟಿನ ಬುಡದಲ್ಲಿ ಬಾಗುತ್ತದೆ. ಅಂಚು ಹದಿನೈದು ಸೆಂ.ಮೀ. ದುಂಡಗೆ ಇರುವುದರಿಂದ ಅಲೆಗೆ ಹಿಡಿತವೇ ಇಲ್ಲ. ಕಲಿಯುವವರಿಗೆ, ಸಾಗಿಸುವುದಕ್ಕೆ ಅನುಕೂಲ, ಅಷ್ಟೇ. ಮಧ್ಯದ ಸ್ಲಾಟಿನಲ್ಲಿ ಎರಡನೇ ಫಿನ್ ಇರುವ ಬೋರ್ಡ್ ಗಾಳಿಗೆ ಅದ್ಭುತವಾಗಿ ಏರುತ್ತದೆ. ಅಲೆಗೆ ಬಂದಾಗ ಅದು ತಿರುವನ್ನು ತಡೆಯುತ್ತದೆ, ಪ್ರತಿ ಸಲ ತೆಗೆದು ಹಾಕಲು ಆಗುವುದಿಲ್ಲ. ಫಾಯಿಲ್ (ತಳದಿಂದ ಇಳಿದ ಉದ್ದ ಕಂಬದ ರೆಕ್ಕೆ, ಬೋರ್ಡನ್ನು ನೀರಿನಿಂದ ಮೇಲೆತ್ತುವುದು) ಒಂದು ವಾರ ನೋಡಿದೆ: ಎಂಟು ನಾಟ್‌ನಲ್ಲಿ ಆಸೆ ಹುಟ್ಟಿಸುತ್ತದೆ, ಆದರೆ ನಮ್ಮ ಅಲೆಗಳು ಒಡೆಯುವ ಸೊಂಟದಾಳದ ನೀರಿನಲ್ಲಿ ನೆಲಕ್ಕೆ ತಾಗುತ್ತದೆ.

ಹಳೆಯ ಬೋರ್ಡ್ ನೋಡಲು ಹೋಗುವಾಗ ತೂಗುವ ಕೊಕ್ಕೆ ತಕ್ಕಡಿ ಒಯ್ಯಿರಿ. ತಯಾರಕರು ಬರೆದ ತೂಕಕ್ಕಿಂತ ಒಂದು ಒಂದೂವರೆ ಕಿಲೋ ಜಾಸ್ತಿ ಇದ್ದರೆ ಒಳಗಿನ ಫೋಮ್ ನೀರು ಕುಡಿದಿದೆ, ಬೆಲೆ ಎಷ್ಟೇ ಇಳಿಸಿದರೂ ಬೇಡ. ನಿಲ್ಲುವ ಜಾಗ ಮತ್ತು ಮಾಸ್ಟ್ ಟ್ರ್ಯಾಕ್ ಸುತ್ತ ಹೆಬ್ಬೆರಳಲ್ಲಿ ಒತ್ತಿ; ನಾಣ್ಯದಿಂದ ತಟ್ಟುತ್ತಾ ಹೋಗಿ, ಟಣ್ ಅನ್ನುವುದು ನಿಂತು ಮಂದ ಸದ್ದು ಬಂದ ಕಡೆ ಪದರ ಬಿಟ್ಟಿದೆ. ನನ್ನದರಲ್ಲಿ ಫಿನ್ ಬಾಕ್ಸಿನ ಬಿರುಕನ್ನು ಒಣಗಿಸಿ, ಕೆರೆದು, ಎಪಾಕ್ಸಿ ಮತ್ತು ಎರಡು ಪದರ ಗ್ಲಾಸ್ ಬಟ್ಟೆ ಹಾಕಿ ಮುಚ್ಚಿದೆ. ಪಾಲಿಯೆಸ್ಟರ್ ರೆಸಿನ್ ಬಳಸಿದರೆ ಒಳಗಿನ ಪಾಲಿಸ್ಟೈರಿನ್ ಕರಗಿ ಗುಂಡಿ ಬೀಳುತ್ತದೆ. ಮೂತಿಯ ಡೆಕ್ ಮೇಲೆ ಹಾಯಿ ಬಿದ್ದಾಗ ಬೂಮ್ ಬಡಿಯುವ ಜಾಗವನ್ನು ಮೊದಲೇ ಅಳೆದು ಅಲ್ಲಿ ಐದು ಮಿಲಿಮೀಟರ್ ಇವಿಎ (ಮೆತ್ತನೆಯ ಫೋಮ್) ಹಾಳೆ ಅಂಟಿಸಿ. ಪ್ಯಾಡಲ್ ಬೋರ್ಡುಗಳ ಮೂತಿ ಅಂಥ ಏಟಿಗೆ ಮಾಡಿದ್ದಲ್ಲ. ಬಿಸಿಲಿನಲ್ಲಿ ಬಿಡುವಾಗ ವೆಂಟ್ ಸ್ಕ್ರೂ (ಬೋರ್ಡಿನೊಳಗಿನ ಗಾಳಿ ಬಿಡುವ ತಿರುಪು) ಸಡಿಲಿಸಿ, ನೀರಿಗಿಳಿಸುವ ಮೊದಲು ಬಿಗಿ ಮಾಡಿ. ಸ್ವಯಂಚಾಲಿತ ವೆಂಟ್ ಇದ್ದರೆ ಅದನ್ನು ಮುಟ್ಟುವ ಅಗತ್ಯವಿಲ್ಲ.

ಇಷ್ಟು ದೊಡ್ಡ ಬೋರ್ಡನ್ನು ದಡದ ಅಲೆ ದಾಟಿಸುವುದಕ್ಕೆ ಒಂದು ಕ್ರಮವಿದೆ. ಗಾಳಿ ಬರುವ ಕಡೆ ನಿಂತು, ಒಂದು ಕೈ ಬೂಮಿನ ಹತ್ತಿರ ಮಾಸ್ಟ್ ಮೇಲೆ, ಇನ್ನೊಂದು ಕೈ ಬಾಲದ ಮೇಲೆ, ಮೂತಿ ನೇರ ಅಲೆಗೆ. ಬೋರ್ಡಿಗೂ ದಡಕ್ಕೂ ನಡುವೆ ಎಂದೂ ನಿಲ್ಲಬೇಡಿ. ಸೊಂಟದಾಳ ಆಗುವವರೆಗೆ ಹತ್ತಬೇಡಿ. ಮೊಣಕಾಲಾಳದಲ್ಲಿ ಹತ್ತಿ ಬಿದ್ದರೆ ಮಾಸ್ಟಿನ ತುದಿ ಮರಳಿಗೆ ಚುಚ್ಚುತ್ತದೆ, ಹಿಂದಿನ ಅಲೆ ಬೋರ್ಡನ್ನು ಅದರ ಮೇಲೆ ಹಾಕಿ ಮುರಿಯುತ್ತದೆ. ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ಮೊದಲು ಹಿಂಗಾಲು ನಡುಗೆರೆಯ ಮೇಲೆ, ಹಾಯಿ ಒಳಗೆಳೆಯುತ್ತಲೇ ಮುಂಗಾಲು ಮಾಸ್ಟಿನ ಬುಡದಲ್ಲಿ, ಆಮೇಲೆ ನಾಲ್ಕು ಪಂಪ್. 5.3 ಹಾಯಿಯಲ್ಲಿ ಆ ನಾಲ್ಕು ಪಂಪ್ ಎರಡು ತಾಸು ಆದಮೇಲೂ ತೋಳಿಗೆ ಭಾರವಾಗುವುದಿಲ್ಲ.